ಮನ್ಯಾಗ ಇರ್ತಾನ ಖರೆ, ಖಾಲಿ ಇರೂದಿಲ್ಲ

ಈ ಸಲ ಅಡಗಿ ಮಾತು ಬ್ಯಾಡ. ಮದವಿಗೆ ಹೋಗ್ಲಿ, ಕುಬಸಕ್ಕ ಹೋಗ್ಲಿ, ನನಗ ಎಲ್ಲಾರೂ ಒಂದ ಪ್ರಶ್ನೆ ಕೇಳ್ತೀರಿ: "ನಿಮ್ಮ ಮಗಾ ಎಲ್ಲಿ ನೌಕರಿ ಮಾಡ್ತಾನ್ರೀ?" ನಾ "ಮನ್ಯಾಗ" ಅಂತೀನಿ. ಆಮ್ಯಾಲ ನಿಮ್ಮ ಮಾರಿ ನೋಡಬೇಕು! ಒಂದ ಗಳಿಗಿ ಸುಮ್ಮಾಗಿ, "ಇರ್ಲಿ ಬಿಡ್ರೀ, ಮುಂದ ಚಲೋ ಆಗ್ತೈತಿ" ಅಂತ ನನಗ ಸಮಾಧಾನ ಹೇಳ್ತೀರಿ. ಸಮಾಧಾನ ಬ್ಯಾಡ್ರೀ. ಅವಂದು ಏನು ಕೆಲಸ, ಹ್ಯಾಂಗ ನಡೀತೈತಿ ಅಂತ ಒಮ್ಮೆ ಸಾವಕಾಶ ಓದ್ರಿ, ಸಾಕು.

ನನ್ನ ಮಗಾ ಕಂಪ್ಯೂಟರ್ ಪ್ರೋಗ್ರಾಂ ಬರಿಯಾವ. ಕಲತು ಮುಗದ ಮ್ಯಾಲ ಮೂರ ವರ್ಷ ಬೆಂಗಳೂರಾಗ ಒಂದ ಕಂಪನ್ಯಾಗ ಇದ್ದ. ಈಗ ನಾಕ ವರ್ಷದಿಂದ ಇಲ್ಲೇ ಉಪ್ಪಿನಬೆಟಗೇರ್ಯಾಗ, ನಮ್ಮ ಮನಿ ಮ್ಯಾಲಿನ ಖೋಲ್ಯಾಗ ಕುಂತು ಕೆಲಸ ಮಾಡ್ತಾನ. ಇದಕ್ಕ ಫ್ರೀಲಾನ್ಸ್ ಅಂತಾರ. ನಮ್ಮ ಮಂದಿ ಅದರಾಗ "ಫ್ರೀ" ಅನ್ನೂದು ಅಷ್ಟ ಕೇಳಸ್ಕೋತಾರ. ಅವ ಫ್ರೀ ಅದಾನಂತ ತಿಳಕೊಂಡು ಒಬ್ರು ಗ್ಯಾಸ್ ಸಿಲಿಂಡರ್ ತರಾಕ ಕರೀತಾರ, ಒಬ್ರು ಮೊಬೈಲ್ ಹ್ಯಾಂಗ್ ಆಗೇತಿ ಅಂತ ಕರೀತಾರ, ಮತ್ತೊಬ್ರು ಧಾರವಾಡಕ್ಕ ಗಾಡಿಮ್ಯಾಲ ಬಿಟ್ಟ ಬಾ ಅಂತಾರ.

2020ರ ಮಾರ್ಚ್‌ದಾಗ ಲಾಕ್‌ಡೌನ್ ಆದಾಗ ಕಂಪನಿ ಹುಡುಗ್ರೆಲ್ಲಾ ಊರಿಗೆ ಬಂದು ಮನಿಯಿಂದ ಕೆಲಸ ಮಾಡಿದ್ದು ನಿಮಗೆಲ್ಲಾ ನೆನಪ ಇರಬೇಕು. ಆಗ ಯಾರೂ ಅವರಿಗೆ "ಖಾಲಿ ಕುಂತಾರ" ಅನ್ಲಿಲ್ಲ, ಯಾಕಂದ್ರ ತಿಂಗಳಾ ಒಂದನೇ ತಾರೀಖಿಗೆ ಪಗಾರ ಬರ್ತಿತ್ತು. ಇವಂದು ಹಂಗಲ್ಲ. ಇವಗ ಒಬ್ಬ ಮಾಲಕ ಇಲ್ಲ, ಗಿರಾಕಿ ಅದಾರ. ಗಿರಾಕಿ ಕೆಲಸ ಹೇಳ್ತಾರ, ಇವ ದರಾ ಹೇಳ್ತಾನ, ಒಪ್ಪಿದ್ರ ಮಾಡ್ತಾನ, ಮಾಡಿ ಬಿಲ್ಲು ಕಳಸ್ತಾನ. ನಮ್ಮ ಓಣ್ಯಾಗ ಖಾನಾವಳಿಗೆ ರೊಟ್ಟಿ ಬಡದು ಕೊಡೋ ಅಕ್ಕಾರು ಮಾಡೂದೂ ಇದ ಅಲ್ಲೇನ್ರೀ? ಸೀರಿಗೆ ಫಾಲ್ ಹಚ್ಚಿ ಕೊಡೂದು, ಜಂಪರ್ ಹೊಲದು ಕೊಡೂದು, ಕಸೂತಿ ಹಾಕಿ ಕೊಡೂದು, ಎಲ್ಲಾ ಇದ. ನಮ್ಮ ಹೆಣಮಕ್ಕಳು ಫ್ರೀಲಾನ್ಸ್ ಅನ್ನೂ ಹೆಸರು ಹುಟ್ಟೂಕಿಂತ ಮೊದಲಿಂದ ಆ ಕೆಲಸ ಮಾಡ್ಕೋತ ಬಂದಾರ.

ಈಗ ಪ್ರೋಗ್ರಾಂ ಅಂದ್ರ ಏನಂತೀರಿ? ನನಗೂ ಅವ ಹೇಳಿ ಹೇಳಿ ತಿಳದದ್ದು ಇಷ್ಟು. ಕಂಪ್ಯೂಟರಿಗೆ ಅಂದಾಜು ಅನ್ನೂದು ಗೊತ್ತಿಲ್ಲ. ನಾವು ಹೊಸಾ ಸೊಸಿಗೆ "ಉಪ್ಪು ಬೇಕಾದಷ್ಟು ಹಾಕವ್ವಾ" ಅಂದ್ರ ಆಕಿ ಹಾಕ್ತಾಳ. ಕಂಪ್ಯೂಟರಿಗೆ ಹಂಗಂದ್ರ ಸುಮ್ಮ ನಿಂತ ಬಿಡ್ತೈತಿ, ಇಲ್ಲಾ ಡಬ್ಬಿನ ಬೋರಲ ಹಾಕ್ತೈತಿ. ಎಷ್ಟ ಚಮಚಾ, ಯಾವಾಗ, ಉಪ್ಪು ತೀರಿದ್ರ ಏನ ಮಾಡಬೇಕು, ಪಲ್ಯಾ ಬದಲಿ ಪಾಯಸ ಇದ್ರ ಏನ ಮಾಡಬೇಕು, ಎಲ್ಲಾ ಮೊದಲ ಬರದ ಇಡಬೇಕು. ಆ ಬರವಣಿಗಿನ ಪ್ರೋಗ್ರಾಂ. ಅದರಾಗ ತಪ್ಪು ಉಳದ್ರ ಅದಕ್ಕ ಬಗ್ ಅಂತಾರ. ಬರಿಯೂದಕ್ಕಿಂತ ಬಗ್ ಹುಡುಕೂದ್ರಾಗ ಅವನ ದಿವಸ ಹೆಚ್ಚ ಹೋಗ್ತಾವ.

ಒಂದ ಉದಾಹರಣಿ ಹೇಳ್ತೀನಿ. ಅಮೇರಿಕಾದಾಗ ಒಬ್ಬ ಗಿರಾಕೀದು ಸಾಮಾನು ಮಾರೋ ಸಣ್ಣ ಧಂದೆ ಐತಿ. ಅವರ ದಿನದ ಲೆಕ್ಕ ಒಂದಕ್ಕೊಂದು ಕೂಡ್ತಿದ್ದಿಲ್ಲ. ಇವತ್ತಿನ ವ್ಯಾಪಾರದಾಗ ಸ್ವಲ್ಪ ನಾಳಿನ ಲೆಕ್ಕಕ್ಕ ಹೋಗ್ತಿತ್ತು. ಇವ ಮೂರ ದಿವಸ ಹುಡುಕಿದ. ಕಡೀಕ ಸಿಕ್ಕಿದ್ದೇನಂದ್ರ, ಕಂಪ್ಯೂಟರ್ ತಾರೀಖು ಇಟ್ಟಿದ್ದು ಗ್ರೀನಿಚ್ ಹೊತ್ತಿನಾಗ. ನಮ್ಮ ಭಾರತದ ಹೊತ್ತು ಗ್ರೀನಿಚ್‌ಗಿಂತ ಐದೂವರಿ ತಾಸು ಮುಂದ. ಅವರ ನ್ಯೂಯಾರ್ಕ್ ಬ್ಯಾಸಗ್ಯಾಗ ಗ್ರೀನಿಚ್‌ಗಿಂತ ನಾಕ ತಾಸು ಹಿಂದ. ಹಿಂಗಾಗಿ ಅಲ್ಲಿ ರಾತ್ರಿ ಎಂಟ ಆತಂದ್ರ ಗ್ರೀನಿಚ್‌ದಾಗ ನಡುರಾತ್ರಿ ಹನ್ನೆರಡು, ತಾರೀಖ ಬದಲ. ಎಂಟರ ಮ್ಯಾಲ ಯಾರು ಸಾಮಾನು ತಗೊಂಡ್ರೂ ಅದು ಮರುದಿನದ ಲೆಕ್ಕಕ್ಕ ಬೀಳ್ತಿತ್ತು. ತಿದ್ದಿದ್ದು ಎರಡ ಸಾಲು.

"ಎರಡ ಸಾಲಿಗೆ ಮೂರ ದಿವಸದ ರೊಕ್ಕ ಯಾಕ?" ಅಂತ ಆ ಗಿರಾಕಿ ಕೇಳಿದ್ರಂತ. ಇವ ಅದನ್ನ ನನಗ ಹೇಳಿದಾಗ ನಗು ಬಂತು. ಕಸೂತಿ ಹಾಕಿದವ್ರಿಗೆ ಇದು ಹೇಳೂದ ಬ್ಯಾಡ. ಇಳಕಲ್ ಸೀರಿ ಸೆರಗಿನ್ಯಾಗ ಗೋಪುರ ಹಾಕೂಮುಂದ ಎಲ್ಲೋ ಒಂದ ಎಳಿ ಎಣಿಕಿ ತಪ್ಪಿತಂದ್ರ ಆಚೀ ಕಡೆ ಗೋಪುರ ಕೂಡೂದ ಇಲ್ಲ. ತಪ್ಪಿದ್ದು ಒಂದ ಎಳಿ. ಅದು ಎಲ್ಲಿ ತಪ್ಪೇತಿ ಅಂತ ಹುಡುಕಿ, ಅಲ್ಲೀತನಾ ಬಿಚ್ಚಿ, ಮತ್ತ ಹಾಕೂದ್ರಾಗ ಮಧ್ಯಾಹ್ನ ಪೂರಾ ಹೋಗ್ತೈತಿ. ಅಷ್ಟ ವ್ಯಾಳ್ಯಾ ಕೊಟ್ಟದ್ದು ನೋಡಾಕ ಕಾಣೂದಿಲ್ಲ, ಗೋಪುರ ಅಷ್ಟ ಕಾಣ್ತೈತಿ.

ಈ ಹೊತ್ತಿನ ಲೆಕ್ಕದ ಬಗ್ಗೆ ಇನ್ನೊಂದ ಮಜಾ ಐತ್ರೀ. ಭಾಳಷ್ಟ ಕಂಪ್ಯೂಟರ್ ಒಳಗ ಹೊತ್ತು ಎಣಸೂದು 1970ನೇ ಇಸ್ವಿ ಜನೇವರಿ 1ರಿಂದ ಅಂತ, ಅದೂ ಸೆಕೆಂಡ್ ಲೆಕ್ಕದಾಗ. ಅವಕ್ಕ ಅದ ಯುಗಾದಿ. ಕೆಲವು ಹಳೇ ಪದ್ಧತಿ ಪ್ರೋಗ್ರಾಂನ್ಯಾಗ ಆ ಅಂಕಿ ಇಡಾಕ ಇರೋ ಜಾಗ ಸಣ್ಣದು. ಜ್ವಾಳದ ಹಗೇವು ತುಂಬಿದ ಹಂಗ ಅದು 2038ರ ಜನೇವರಿ 19ಕ್ಕ ನಮ್ಮ ಮುಂಜಾನೆ 8 ಗಂಟೆ 44 ನಿಮಿಷಕ್ಕ ತುಂಬತೈತಿ, ಆಮ್ಯಾಲ ಎಣಿಕಿ ಅಡ್ಡಾದಿಡ್ಡಿ ಆಗ್ತೈತಿ. ಅದಕ್ಕ ಈಗಿಂದ ಎಲ್ಲಾ ಕಡೆ ತಿದ್ಕೋತ ನಡದಾರ. ಅವತ್ತ ಮಂಗಳವಾರ ಬರ್ತೈತ್ಯಂತ. ಅಷ್ಟೊತ್ತಿಗೆ ನಾಷ್ಟಾ ಮುಗಿಸಿ ಕುಂದ್ರೂಣು ಅಂತ ನಾ ಹೇಳೀನಿ.

ಅವನ ದಿವಸ ಹ್ಯಾಂಗಿರ್ತೈತಿ ಅಂದ್ರ, ಮುಂಜಾನೆ ಎಂಟಕ್ಕ ಎದ್ದರ ಅದ ಬೇಗ. ನಮ್ಮ ಓಣ್ಯಾಗ ಎಂಟಕ್ಕ ಏಳಾವ ಅಂದ್ರ ಸೋಮಾರಿ ಅಂತಾರ. ಆದ್ರ ರಾತ್ರಿ ಹನ್ನೆರಡೂವರಿತನಾ ಮ್ಯಾಲಿನ ಖೋಲಿ ದೀಪ ಹತ್ತಿದ್ದು ಯಾರೂ ನೋಡಿರೂದಿಲ್ಲ. ಎದ್ದು ಚಾ ಕುಡದು, ಹಿತ್ತಲದಾಗ ಎಮ್ಮಿಗೆ ಹೊಟ್ಟು ಹಾಕಿ, ಹತ್ತಕ್ಕ ಮ್ಯಾಲ ಹತ್ತಿದ್ರ ಎರಡರತನಾ ಇಳಿಯೂದಿಲ್ಲ. ಅವನ ತಲಿ ಒಮ್ಮೆ ಕೆಲಸದಾಗ ಮುಳಗಿತಂದ್ರ ನಡುವ ಕರದ್ರ ಅವಗ ಮತ್ತ ಮೊದಲಿಂದ ಹಿಡಕೋಬೇಕಾಗ್ತೈತಿ. ಎಳಿ ಎಣಸೂಮುಂದ ಬಾಜೂದಾಕಿ "ಸಾರಿಗೆ ಏನ ಹಾಕೀರಿ?" ಅಂದ್ರ ನಮಗ ಎಣಿಕಿ ತಪ್ಪಂಗಿಲ್ಲೇನು, ಹಂಗ. ಅದಕ್ಕ ನಾ ಒಂದ ಕಟ್ಟ ಮಾಡೀನಿ: ಬಾಗಲಾ ಹಾಕಿತ್ತಂದ್ರ ಮನಿಗೆ ಬೆಂಕಿ ಹತ್ತಿದ್ರಷ್ಟ ಬಾಗಲಾ ಬಡೀಬೇಕು.

ಊಟಾ ಮಾಡಿ ಒಂದ ತಾಸು ಮಲಗಿ, ನಾಕಕ್ಕ ಮತ್ತ ಕುಂದರ್ತಾನ. ಸಂಜೀಮುಂದ ಅಮೇರಿಕಾ ಎಚ್ಚರ ಆಗ್ತೈತಿ. ಅಲ್ಲಿ ಮುಂಜಾನೆ ಹತ್ತಕ್ಕ ಅವರ ಮೀಟಿಂಗು. ಬ್ಯಾಸಗ್ಯಾಗ ಅದು ನಮಗ ಸಂಜಿ ಏಳೂವರಿ. ಆದ್ರ ಅವರು ವರ್ಷಕ್ಕ ಎರಡ ಸಲ ಗಡಿಯಾರ ತಿರವ್ತಾರ್ರೀ! ಮಾರ್ಚ್ ಎರಡನೇ ಐತಾರ ಒಂದ ತಾಸು ಮುಂದ, ನವೆಂಬರ್ ಮೊದಲನೇ ಐತಾರ ಒಂದ ತಾಸು ಹಿಂದ. ಹಿಂಗಾಗಿ ನಮ್ಮ ಮನ್ಯಾಗ ಹೋಳಿ ಹುಣ್ಣಿವಿ ಆಜೂಬಾಜೂದಿಂದ ದೀಪಾವಳಿ ಆಜೂಬಾಜೂತನಾ ಮೀಟಿಂಗ್ ಮುಗದ ಮ್ಯಾಲ ಎಂಟೂವರಿಗೆ ಊಟ. ದೀಪಾವಳಿ ಆದ ಮ್ಯಾಲ ಮೀಟಿಂಗ್ ಎಂಟೂವರಿಗೆ ಹೋಗ್ತೈತಿ, ಅದಕ್ಕ ಏಳೂವರಿಗೇ ಊಟ ಹಾಕಿ ಕಳಸ್ತೀನಿ. ಅಮೇರಿಕಾದವ್ರು ಗಡಿಯಾರ ತಿರವಿದ್ರ ಬೆಟಗೇರ್ಯಾಗ ರೊಟ್ಟಿ ಹಂಚು ಒಂದ ತಾಸು ಮೊದಲ ಒಲಿಮ್ಯಾಲ ಏರ್ತೈತಿ.

ಕರೆಂಟಿಂದೂ ಒಂದ ದೊಡ್ಡ ಕಥಿ. ಮಳಿಗಾಲದಾಗ ಗಾಳಿ ಬೀಸಿತಂದ್ರ ಹೋತು. ಅವ ಮೊದಲನೇ ವರ್ಷದ ಗಳಿಕಿಯಾಗ ಇನ್ವರ್ಟರ್ ಹಾಕಿಸಿದ. ಇಂಟರ್ನೆಟ್ಟಿಗೆ ಕೇಬಲ್ ಒಂದು, ಅದು ಕೈ ಕೊಟ್ರ ಎರಡ ಬ್ಯಾರೆ ಬ್ಯಾರೆ ಕಂಪನಿ ಸಿಮ್ಮು. "ಅವ್ವಾ, ಗಿರಾಕಿಗೆ ನಮ್ಮೂರ ಗಾಳಿ ಮಳಿ ಗೊತ್ತಾಗಬಾರದು" ಅಂತಾನ. ರೊಟ್ಟಿ ಅಕ್ಕಾರೂ ಹಂಗ ಅಲ್ಲೇನು, ಕಟ್ಟಿಗಿ ಹಸೀ ಅದಾವಂತ ಖಾನಾವಳಿ ಕೇಳ್ತೈತೇನು?

ಇನ್ನ ರೊಕ್ಕದ ಮಾತು. ನೀವೆಲ್ಲಾ ಕೇಳಬೇಕಂತೀರಿ, ಬಾಯಿಬಿಟ್ಟ ಕೇಳೂದಿಲ್ಲ. ಕೆಲವು ತಿಂಗಳು ಕಂಪನ್ಯಾಗ ಇದ್ದಾಗಿಗಿಂತ ಹೆಚ್ಚ ಬರ್ತಾವ. ಕೆಲವು ತಿಂಗಳು ಏನೂ ಇಲ್ಲ. ಬಿಲ್ಲ ಕಳಸಿದ ಮ್ಯಾಲ ಮೂವತ್ತ ದಿವಸಕ್ಕ ಕೊಡ್ತೀವಂತಾರ, ನಾಲ್ವತ್ತೈದಕ್ಕ ಕೊಡ್ತಾರ. ಪಿ.ಎಫ್. ಇಲ್ಲ, ಬೋನಸ್ ಇಲ್ಲ, ಜ್ವರಾ ಬಂದು ಮಲಗಿದ್ರ ಆ ದಿವಸದ ಗಳಿಕಿ ಇಲ್ಲ. ಎರಡನೇ ವರ್ಷ ಒಬ್ಬ ಗಿರಾಕಿ ಎರಡ ತಿಂಗಳ ಕೆಲಸ ಮಾಡಿಸ್ಕೊಂಡು ಹೇಳದ ಕೇಳದ ಮಾಯ ಆದ. ಫೋನಿಲ್ಲ, ಪತ್ರಕ್ಕ ಉತ್ತರಿಲ್ಲ. ಅವನ ಮಾರಿ ಸೈತ ಇವ ನೋಡಿದ್ದಿಲ್ಲ, ಎಲ್ಲಿ ಹೋಗಿ ಕೇಳೂದು? ಆ ಎರಡ ತಿಂಗಳು ನನ್ನ ಮಗಾ ತಾಟಿನ ಮುಂದ ಕುಂತು ಅರ್ಧಾ ರೊಟ್ಟಿ ತಿಂದ ಏಳ್ತಿದ್ದ. ಅವರಪ್ಪ ಏನೂ ಅನ್ಲಿಲ್ಲ. "ಹೊಲದಾಗ ಕಡ್ಲಿ ಬಿತ್ತಿದ ವರ್ಷೆಲ್ಲಾ ಬೆಳದಾವೇನು?" ಅಂತ ಒಂದ ಮಾತಂದು ಸುಮ್ಮಾದ್ರು. ಆ ಮಾತು ಹುಡುಗನ್ನ ಎತ್ತಿ ನಿಲ್ಲಿಸ್ತು.

ಅವತ್ತಿಂದ ಹೊಸಾ ಗಿರಾಕಿ ಕಡೆ ಮೂರರಾಗ ಒಂದ ಪಾಲ ಮುಂಗಡ ತಗೋತಾನ, ಕೆಲಸ ತುಕಡಿ ತುಕಡಿ ಮಾಡಿ ಕೊಡ್ತಾನ, ಒಂದ ತುಕಡಿ ರೊಕ್ಕ ಬಂದ ಮ್ಯಾಲ ಮುಂದಿಂದು. ಬಂದ ರೊಕ್ಕಾನ ಮೂರ ಪಾಲ ಮಾಡ್ತಾನ. ಒಂದು ತೆರಿಗಿಗೆ. ಪಗಾರ ಇದ್ದವ್ರಿಗೆ ಕಂಪನ್ಯವ್ರ ಕಡಕೊಂಡ ಕೊಡ್ತಾರ, ಇವ ತಾನ ತುಂಬಬೇಕು. ಮುಂಗಡ ತೆರಿಗಿ ಕಂತಿನ ತಾರೀಖು ಜೂನ್ 15, ಸಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15 ಅಂತ ಅವನ ಕ್ಯಾಲೆಂಡರಿನ್ಯಾಗ ಕೆಂಪ ಗೆರಿ ಇರ್ತಾವ. ಎರಡನೇದು ಬರಗಾಲಕ್ಕ, ಅಂದ್ರ ಆರ ತಿಂಗಳ ಏನೂ ಬರದಿದ್ರೂ ಮನಿ ನಡೀಬೇಕು, ಅಷ್ಟು. ಮೂರನೇದು ಖರ್ಚಿಗೆ. ನಾವು ಸಾಸವಿ ಡಬ್ಬ್ಯಾಗ, ಬ್ಯಾಳಿ ಡಬ್ಬ್ಯಾಗ ರೊಕ್ಕ ಬಚ್ಚಿಡೂದು ಇದ ಲೆಕ್ಕ, ಅವಂದು ಬ್ಯಾಂಕಿನ್ಯಾಗ ಐತಿ, ಅಷ್ಟ ಫರಕು.

ಇಷ್ಟೆಲ್ಲಾ ಇದ್ರೂ ಹ್ವಾದ ವರ್ಷ ಒಂದ ಕಡೆ ಹೆಣ್ಣ ನೋಡಾಕ ಹೋಗಿದ್ವಿ. ಹುಡಗಿ ಚಲೋ, ಮನಿತನ ಚಲೋ. ಮಾತು ಅರ್ಧಾ ಮುಗದಿತ್ತು. ಹುಡಗಿ ಕಾಕಾ ಕೇಳಿದ್ರು, "ಆಫೀಸ್ ಎಲ್ಲೈತಿ?" ಇವ "ಮನ್ಯಾಗ" ಅಂದ. ಎಂಟ ದಿವಸಕ್ಕ ಹೇಳಿ ಕಳಿಸಿದ್ರು: "ಹುಡಗ ಶಾಣ್ಯಾ ಅದಾನ, ಖರೆ ಮನ್ಯಾಗ ಇರೋ ವರಾ ನಮಗ ಬ್ಯಾಡ." ಧಾರವಾಡದಾಗ 2016ರಾಗ ಐ.ಐ.ಟಿ. ಬಂತು, ಹುಬ್ಬಳ್ಳ್ಯಾಗ ಇನ್ಫೋಸಿಸ್ ಕಟ್ಟಡ ಎದ್ದೈತಿ. ಅದರ ಗೇಟಿನ್ಯಾಗ ಹೊಕ್ಕು ಹೊರಗ ಬಂದ್ರ ಅದು ಕೆಲಸ. ಮನಿ ಮೆಟ್ಟಲಾ ಹತ್ತಿ ಮಾಡಿದ್ರ ಅಲ್ಲ! ಅವತ್ತ ರಾತ್ರಿ ನನಗ ನಿದ್ದಿ ಬರ್ಲಿಲ್ಲ. ಮಗನ ಮದವಿ ಚಿಂತಿ ಒಂದು. ಅದಕ್ಕಿಂತ ಹೆಚ್ಚು ಆ ಮಾತು ನನಗ ಚುಚ್ಚಿದ್ದು. ಮೂವತ್ತ ವರ್ಷದಿಂದ ನಾನೂ ಮನ್ಯಾಗ ಇರಾಕಿನ. ಜನಗಣತಿಯವ್ರು ಬಂದಾಗ "ಏನ ಕೆಲಸ ಮಾಡ್ತೀರಿ?" ಅಂದ್ರ ಯಾರರ ಒಬ್ರು ನನಗಿಂತ ಮೊದಲ "ಏನೂ ಇಲ್ಲ, ಮನ್ಯಾಗ ಇರ್ತಾರ" ಅಂತ ಹೇಳ್ತಾರ.

ಕೆಲಸ ಆದ ಮ್ಯಾಲ ಇವ ಏನ ಮಾಡ್ತಾನಂದ್ರ, ಮತ್ತ ಅಂಥಾದ್ದ ಮಾಡ್ತಾನ! ಮಂದಿ ಮಕ್ಕಳು ಕ್ರಿಕೆಟ್ ನೋಡ್ತಾರ, ಇವಗ ಬ್ಯಾರೆ ಹುಚ್ಚು. ಆರ ಬಣ್ಣದ ಚೌಕದ ಡಬ್ಬಿ ತಿರವೋ ಆಟ ನೋಡೀರಲ್ಲ, ರೂಬಿಕ್ ಕ್ಯೂಬ್? ಹಂಗೇರಿ ದೇಶದ ಎರ್ನೋ ರೂಬಿಕ್ ಅನ್ನೋರು 1974ರಾಗ ಮಾಡಿದ್ದಂತ. ಅದನ್ನ ಎಷ್ಟ ಕೆಡಿಸಿ ಇಟ್ರೂ ಜಾಸ್ತಿ ಅಂದ್ರ ಇಪ್ಪತ್ತ ತಿರುವಿನ್ಯಾಗ ಸರಿ ಮಾಡಬಹುದು ಅಂತ 2010ರಾಗ ಕಂಪ್ಯೂಟರ್ ಹಚ್ಚಿ ತೋರಿಸ್ಯಾರ. ಇವಗ ಇನ್ನೂ ಇಪ್ಪತ್ತಕ್ಕ ಬಂದಿಲ್ಲ, ಖರೆ ನಾ ಕುಕ್ಕರ್ ಒಂದ ಸೀಟಿ ಹೊಡಿಯೂದ್ರಾಗ ಮುಗಸ್ತಾನ.

ಮಾಳಗಿಮ್ಯಾಲ ಒಂದ ಮಳಿ ಅಳಿಯೋ ಯಂತ್ರ ಇಟ್ಟಾನ. ಒಳಗ ತಕ್ಕಡಿ ಹಂಗ ಎರಡ ಸಣ್ಣ ಚಮಚಾ ಇರ್ತಾವ. ಒಂದ ತುಂಬಿದ ಕೂಡ್ಲೆ ಬಾಗಿ ಚೆಲ್ತೈತಿ, ಮತ್ತೊಂದು ಮ್ಯಾಲ ಬರ್ತೈತಿ. ಎಷ್ಟ ಸಲ ಬಾಗಿತು ಅನ್ನೂದನ್ನ ರಾಸ್‌ಬೆರಿ ಪೈ ಅಂತ ಇಸ್ಪೇಟ್ ಎಲಿ ಕಟ್ಟಿನಷ್ಟ ಸಣ್ಣ ಕಂಪ್ಯೂಟರ್ ಎಣಸ್ತೈತಿ. ಮಕ್ಕಳು ಕಂಪ್ಯೂಟರ್ ಕಲೀಲಿ ಅಂತ 2012ರಾಗ ಇಂಗ್ಲಂಡಿನವ್ರು ಅದನ್ನ ತಂದದ್ದು. ಒಂದ ಮಿಲಿಮೀಟರ್ ಮಳಿ ಅಂದ್ರ ಒಂದ ಚದರ ಮೀಟರ್ ಜಾಗಾಕ್ಕ ಒಂದ ಲೀಟರ್ ನೀರ ಬಿದ್ದಂಗ ಅಂತ ನನಗ ಗೊತ್ತಾಗಿದ್ದು ಇದರಿಂದನ. ಮೊದಲ ಎಲ್ಲಾರೂ ನಕ್ಕರು. ಈಗ ಹಿಂಗಾರಿ ಕಡ್ಲಿ ಬಿತ್ತೂಕಿಂತ ಮುಂಚೆ ಓಣ್ಯಾಗಿನ ಹಿರೇರು ನಮ್ಮ ಕಟ್ಟಿಮ್ಯಾಲ ಕುಂತು, "ತಮ್ಮಾ, ರಾತ್ರಿ ಎಷ್ಟ ಬಿತ್ತೋ?" ಅಂತ ಕೇಳ್ತಾರ. ಎರಿ ಭೂಮಿ, ಹದಾ ನೋಡಿ ಬಿತ್ತಬೇಕಲ್ರೀ.

ಕನ್ನಡದ ಹುಚ್ಚೂ ಐತಿ. ನಾ ಇದನ್ನ ಬರಿಯೂದು ಮೊಬೈಲಿನ್ಯಾಗ ಕನ್ನಡ ಅಕ್ಷರ ಒತ್ತಿ. ಇದು ಹ್ಯಾಂಗ ಬಂತು ಅಂತ ಅವನ ಹೇಳಿದ. ಕೆ.ಪಿ. ರಾವ್ ಅಂತ ಮಂಗಳೂರ ಕಡಿಯವ್ರು, ಇಂಗ್ಲಿಷ್ ಕೀಬೋರ್ಡಿನ 26 ಗುಂಡಿ ಒಳಗ ನಮ್ಮ ಅಷ್ಟೂ ಅಕ್ಷರಾ ಕೂಡೂ ಹಂಗ ಜೋಡಸಿ ಕೊಟ್ರು. 1998ರಾಗ ಶೇಷಾದ್ರಿವಾಸು ಚಂದ್ರಶೇಖರನ್ ಅನ್ನೋರು "ಬರಹ" ಅಂತ ಪ್ರೋಗ್ರಾಂ ಮಾಡಿದ್ರು. ಧಾರವಾಡದ ಲಗ್ನಪತ್ರಿಕಾ ಅಂಗಡ್ಯಾಗೆಲ್ಲಾ ಬರಹ, ನುಡಿ ಅನ್ನೂ ಹೆಸರು ನೀವೂ ಕೇಳಿರಬೇಕು. "ಅಕ್ಕ" ಅಂತ ಬರದ್ರ ನಮಗ ಕಾಣೂದು ಎರಡ ಅಕ್ಷರ. ಕಂಪ್ಯೂಟರ್ ಅದನ್ನ ನಾಕ ಅಂತ ಎಣಸ್ತೈತಿ: ಅ, ಕ, ಅದನ್ನ ಅರ್ಧಾ ಮಾಡೋ ಒಂದ ಚಿನ್ಹಿ, ಮತ್ತೊಂದ ಕ. ಇದನ್ನ ತಿಳೀದ ಪ್ರೋಗ್ರಾಂ ಬರದವ್ರು ನಮ್ಮ ಹೆಸರಿನ ಒತ್ತಕ್ಷರ ನಟ್ಟನಡುವ ಕಡದ ಹಾಕ್ತಾರ. ಅಂಥಾವ ಎಲ್ಲೆರ ಕಂಡ್ರ ಇವ ರಾತ್ರಿ ಕುಂತು ಪುಕ್ಕಟೆ ತಿದ್ದಿ ಕಳಸ್ತಾನ.

"ರೊಕ್ಕ ಇಲ್ಲದ ಯಾಕ ಮಾಡ್ತೀಯೋ?" ಅಂದ್ರ ಅವ ಒಂದ ನಿಘಂಟು ತೋರಿಸಿದ. ವಿ. ಕೃಷ್ಣ ಅನ್ನೋರು ನಾಲ್ವತ್ತ ವರ್ಷ ಮನಸ್ಸಿಟ್ಟು ಒಬ್ರ ಕುಂತು ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದ್ರಂತ, ಒಂದೂವರಿ ಲಕ್ಷಕ್ಕೂ ಹೆಚ್ಚ ಶಬ್ದ. ಕೈಲಾಶ್ ನಾಧ್ ಅನ್ನೂ ಪ್ರೋಗ್ರಾಮರ್ ಅದನ್ನ 2019ರಾಗ ಇಂಟರ್ನೆಟ್ಟಿನ್ಯಾಗ ಎಲ್ಲಾರಿಗೂ ಪುಕ್ಕಟೆ ಸಿಗೂ ಹಂಗ ಮಾಡಿದ್ರು. ಹೆಸರು "ಅಲರ್", ಹಂಗಂದ್ರ ಹಳೇ ಕನ್ನಡದಾಗ ಹೂವು. ನಾಲ್ವತ್ತ ವರ್ಷ! ಅವರ ಮನ್ಯಾಗೂ ಯಾರರ "ಮನ್ಯಾಗ ಕುಂತ ಏನ ಮಾಡ್ತಾರ?" ಅಂತ ಕೇಳಿರಬೇಕು ಅಂತ ನನಗ ಅನಿಸ್ತು.

ನನಗೂ ಅವಗೂ ಸೇರಿದ್ದು ಒಂದ ಹುಚ್ಚು ಐತಿ, ಅದು ಕಸೂತಿ. ಗಾವಂತಿ ಹಾಕೂದು ನಿಮಗ ಗೊತ್ತ ಐತಿ. ಬಟ್ಟಿಮ್ಯಾಲ ಏನೂ ಬರಕೋಳೂದಿಲ್ಲ, ಎಳಿ ಎಣಿಸಿ ಒಂದ ಬಿಟ್ಟು ಒಂದ ಹೊಲಿಗಿ ಹಾಕ್ಕೋತ ಹೋಗೂದು, ಹೊಳ್ಳಿ ಬರೂಮುಂದ ಬಿಟ್ಟ ಜಾಗಾ ತುಂಬಕೋತ ಬರೂದು. ಗಂಟ ಹಾಕೂದಿಲ್ಲ. ಎರಡೂ ಬಾಜೂ ಒಂದ ನಮೂನಿ ಕಾಣಬೇಕು. ನಮ್ಮವ್ವ ನನಗ ಕಲಸೂಮುಂದ, "ಎಲ್ಲಿಂದ ಹೊಂಟೀ ಅಲ್ಲಿಗೇ ಬಂದ ಮುಟ್ಟಬೇಕು" ಅಂತಿದ್ಳು. ಯಾಕ ಮುಟ್ಟತೈತಿ ಅಂತ ನಾ ಎಂದೂ ಕೇಳಿದ್ದಿಲ್ಲ, ಮುಟ್ಟತಿತ್ತು, ಅಷ್ಟ.

ಇವ ಒಂದ ದಿವಸ ಚೌಕಳಿ ಹಾಳಿಮ್ಯಾಲ ನನ್ನ ತುಳಸಿಕಟ್ಟಿ ನಮೂನಿ ಬರಕೊಂಡು ಹೇಳಿದ: ಆಯ್ಲರ್ ಅಂತ ಒಬ್ರು ದೊಡ್ಡ ಗಣಿತದವ್ರು 1736ರಾಗ ಕ್ಯೋನಿಗ್ಸ್‌ಬರ್ಗ್ ಅನ್ನೂ ಊರಿನ ಏಳ ಸೇತುವಿ ಬಗ್ಗೆ ವಿಚಾರ ಮಾಡಿದ್ರಂತ. ಒಂದೊಂದ ಸೇತುವಿ ಒಂದ ಸಲ ಮಾತ್ರ ದಾಟಿ ಊರೆಲ್ಲಾ ಸುತ್ತಬಹುದೇನು? ಆಗೂದಿಲ್ಲ ಅಂತ ತೋರಿಸಿದ್ರು. ಹೊಂಟಲ್ಲಿಗೇ ಹೊಳ್ಳಿ ಬರಬೇಕಂದ್ರ ಪ್ರತಿಯೊಂದ ಜಾಗಾಕ್ಕ ಕೂಡೂ ದಾರಿ ಜೋಡಿ ಜೋಡಿ ಇರಬೇಕು, ಯಾಕಂದ್ರ ಒಳಗ ಬಂದಷ್ಟ ಸಲ ಹೊರಗ ಹೋಗಬೇಕಲ್ಲ. ಗಾವಂತ್ಯಾಗ ನಾವು ಒಂದೊಂದ ಗೆರಿಮ್ಯಾಲ ಎರಡ ಸಲ ನಡೀತೀವಿ, ಮ್ಯಾಲ ಒಮ್ಮೆ, ಕೆಳಗ ಒಮ್ಮೆ. ಹಂಗಾಗಿ ಎಲ್ಲಾ ಜೋಡಿ ಆಗಿಬಿಡ್ತಾವ. ನಮೂನಿ ತುಂಡಾಗದ ಒಂದಕ್ಕೊಂದು ಕೂಡಿತ್ತಂದ್ರ ಸೂಜಿ ಹೊಂಟಲ್ಲಿಗೆ ಬಂದ ಬರ್ತೈತಿ. "ಅವ್ವಾ, ಅಜ್ಜಿ ಹೇಳಿದ್ದು ಗಣಿತ" ಅಂದ. ನನ್ನವ್ವ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ನನಗ ಕಣ್ಣಾಗ ನೀರ ಬಂದ್ವು.

ಆಮ್ಯಾಲ ಅವ ಅದಕ್ಕೂ ಒಂದ ಪ್ರೋಗ್ರಾಂ ಬರದ. ಚೌಕದಾಗ ಗೆರಿ ಹಾಕಿದ್ರ, ಸೂಜಿ ಯಾವ ದಾರಿಲೆ ಹೋಗಿ ಯಾವ ದಾರಿಲೆ ಬರಬೇಕು ಅಂತ ಬಾಣದ ಗುರ್ತು ತೋರಸ್ತೈತಿ. ತೇರು, ಪಲ್ಲಕ್ಕಿ, ನವಿಲು, ಆನಿ, ನನಗ ಬರೋವ್ನೆಲ್ಲಾ ಅದರಾಗ ಹಾಕಿ ಇಟ್ಟೀವಿ. ಮದವ್ಯಾಗಿ ಹ್ವಾದ ಹೆಣಮಕ್ಕಳು ಯಾರರ ಕಲೀಬೇಕಂದ್ರ ಕೇಳ್ರಿ, ಕಳಸ್ತೀನಿ.

ಈಗ ಬಾಜೂಮನಿ ರೊಟ್ಟಿ ಅಕ್ಕಾರ ಸುದ್ದಿ, ಅವರನ್ನ ಕೇಳೇ ಬರೀತೀನಿ. ಅವರು ಒಂದಿನ ಕಟ್ಟಿಮ್ಯಾಲ ಕುಂತು, "ಎಷ್ಟ ಬಡದ್ರೂ ಕೈಯಾಗ ರೊಕ್ಕ ನಿಲ್ಲೂದಿಲ್ಲ ನೋಡವಾ" ಅಂತ ಹೇಳ್ತಿದ್ರು. ಇವ ಕೇಳಿಸ್ಕೊಂಡು ಕೆಳಗಿಳದು ಬಂದ. "ಚಿಗವ್ವಾ, ನೂರ ರೊಟ್ಟಿಗೆ ಎಷ್ಟ ತಾಸು?" ಅಂದ. ಅಕ್ಕಾರು, "ತಾಸು ಯಾರ ನೋಡ್ಯಾರಪ್ಪಾ!" ಅಂದ್ರು. ಮರುದಿನ ಇವ ಗಡಿಯಾರ ಹಚ್ಚಿಸಿದ. ಹಿಟ್ಟ ನಾದೂದು, ಬಡಿಯೂದು, ಬೇಸೂದು, ಆರಿಸೂದು, ಎಣಿಸಿ ಕಟ್ಟೂದು ಎಲ್ಲಾ ಕೂಡಿ ಆರ ತಾಸು. ಐದ ಕಿಲೋ ಹಿಟ್ಟು, ಗಿರಣಿ ಕೂಡಿ ಎರಡನೂರಾ ಐವತ್ತು. ಉರುವಲಾ ಐವತ್ತು. ಖಾನಾವಳಿಯವ್ರು ಕೊಡೂದು ಒಂದಕ್ಕ ಆರ ರೂಪಾಯಿ, ನೂರಕ್ಕ ಆರನೂರು. ಉಳದದ್ದು ಮೂರನೂರು. ಅಂದ್ರ ತಾಸಿಗೆ ಐವತ್ತ ರೂಪಾಯಿ, ಅದೂ ಬೆಂಕಿ ಮುಂದ ಕುಂತು. ಅಕ್ಕಾರು ಆ ಚೀಟಿ ಹಿಡಕೊಂಡು ಭಾಳ ಹೊತ್ತ ಸುಮ್ಮ ಕುಂತಿದ್ರು. ತಿಂಗಳ ಆದ ಮ್ಯಾಲ ಹೋಗಿ, "ಇನ್ನ ಮ್ಯಾಲ ಏಳ ರೂಪಾಯಿ, ಇಲ್ಲಾಂದ್ರ ಬ್ಯಾರೆ ಕಡೆ ಕೊಡ್ತೀನಿ" ಅಂದ ಬಂದ್ರು. ಅವರು ಗೊಣಗ್ಯಾಡಿ ಒಪ್ಪಿದ್ರು. ಒಂದ ರೂಪಾಯಿ ಹೆಚ್ಚಿಗಿ, ಖರೆ ಅಕ್ಕಾರ ದನೀನ ಬ್ಯಾರೆ ಆಗೇತಿ. ಈಗ ಅವರ ಪಡಸಾಲ್ಯಾಗೂ ಒಂದ ವಹಿ ಐತಿ, ದಿವಸಾ ಎಷ್ಟ ತಾಸು ಅಂತ ಬರೀತಾರ.

ಇದ ನನಗ ಹೇಳಬೇಕಾಗಿದ್ದು. ಮನ್ಯಾಗ ಮಾಡಿದ ಕೆಲಸಕ್ಕ ಗೇಟಿಲ್ಲ, ಗಂಟಿಲ್ಲ, ಪಗಾರ ಚೀಟಿ ಇಲ್ಲ. ಹಿಂಗಾಗಿ ಅದನ್ನ ಮಾಡಾವರ ಎಣಸಬೇಕು. ಎಣಿಸಿದ ಮ್ಯಾಲ ಮಂದಿಗೂ ಕಾಣ್ತೈತಿ, ಅದಕ್ಕಿಂತ ಮೊದಲ ನಮಗ ಕಾಣ್ತೈತಿ. ಬ್ಯಾಂಕಿನ್ಯಾಗ ಗಾಡಿ ಸಾಲಕ್ಕ ಪಗಾರ ಚೀಟಿ ಕೇಳಿದ್ರು, ಇವ ಮೂರ ವರ್ಷದ ತೆರಿಗಿ ರಿಟರ್ನ್ ಮುಂದ ಇಟ್ಟ, ಸಾಲ ಆತು. ವಹಿ ಇದ್ದವಗ ಮಾತು ಕಡಿಮಿ ಸಾಕು.

ಹ್ವಾದ ತಿಂಗಳ ಮತ್ತೊಂದ ಕಡಿಯಿಂದ ಮಾತು ಬಂದೈತಿ. ಹುಡಗಿ ಸಾಲ್ಯಾಗ ಕಲಸ್ತಾಳ. ಇಬ್ರನೂ ಮಾತಾಡಾಕ ಬಿಟ್ವಿ. ಆಕಿ ಆಫೀಸ್ ಎಲ್ಲಿ ಅಂತ ಕೇಳ್ಲಿಲ್ಲ. ಮೊದಲ, "ರೊಕ್ಕ ಬರದ ತಿಂಗಳ ಏನ ಮಾಡ್ತೀರಿ?" ಅಂದ್ಳಂತ. ಇವ ಮೂರ ಪಾಲಿನ ಲೆಕ್ಕ ತೋರಿಸಿದ. ಎರಡನೇದು, "ನೀವ ದಿವಸಾ ಮನ್ಯಾಗ ಇರ್ತೀರಿ, ನಾ ಹೊರಗ ಹೋಗ್ತೀನಿ. ಮನಿ ಕೆಲಸ ಯಾರದು?" ಅಂದ್ಳಂತ. ಇದಕ್ಕ ಅವನ ಹತ್ರ ಲೆಕ್ಕ ಇದ್ದಿಲ್ಲ. "ವಿಚಾರ ಮಾಡಿ ಹೇಳ್ತೀನಿ" ಅಂದ ಬಂದ.

ಬಂದ ಮ್ಯಾಲ ಒಂದ ಹಾಳಿ ತಗೊಂಡು ಅಡಗಿಮನಿ ಬಾಗಲದಾಗ ಕುಂತ. "ಅವ್ವಾ, ನೀ ಮುಂಜಾನೆಯಿಂದ ರಾತ್ರಿತನಾ ಏನೇನ ಮಾಡ್ತಿ, ಎಷ್ಟೆಷ್ಟ ತಾಸು, ಹೇಳು" ಅಂದ. ನಾ ಹೇಳ್ಕೋತ ಹೋದೆ, ಅವ ಬರಕೋತ ಹ್ವಾದ. ಹಾಳಿ ಎರಡೂ ಮಗ್ಗಲಾ ತುಂಬಿ ಇನ್ನೊಂದು ತಂದ. ಅದನ್ನ ನೋಡಿ ತಾನ ನಾಕ ಕೆಲಸಕ್ಕ ತನ್ನ ಹೆಸರ ಹಾಕ್ಕೊಂಡಾನ: ಮುಂಜಾನೆ ನೀರ ತುಂಬೂದು, ಕಸಾ ಹೊಡಿಯೂದು, ಮಧ್ಯಾಹ್ನದ ಭಾಂಡೆ, ಐತಾರದ ಅಡಗಿ. ಎರಡ ಐತಾರ ಆಗ್ಯಾವ. ಅನ್ನ ಚಲೋ ಆಗ್ತೈತಿ, ಜುಣಕ ಗಂಟಗಂಟ ಆಗ್ತೈತಿ, ರೊಟ್ಟಿ ಇನ್ನೂ ಕೈಯಾಗ ಹರೀತಾವ. ಹುಡಗಿ ಮನಿಯವ್ರು ಸಂಕ್ರಾಂತಿ ಆದ ಮ್ಯಾಲ ಬರ್ತೀವಂದಾರ.

ಅಲ್ಲೀತನಾ ನಿಮ್ಮೆಲ್ಲಾರ ಹತ್ರ ಒಂದ ಬೇಡಿಕಿ. ಮೊಬೈಲ್ ಕೆಟ್ರ ತರ್ರಿ, ಅವಂದೇನೂ ಬ್ಯಾಸರಿಲ್ಲ. ಖರೆ ಮಧ್ಯಾಹ್ನ ಎರಡರಿಂದ ನಾಕರ ಒಳಗ ತರ್ರಿ. ಬಾಕಿ ಹೊತ್ತಿನ್ಯಾಗ ಅವ ಕೆಲಸದಮ್ಯಾಲ ಇರ್ತಾನ. ಬಂದವ್ರಿಗೆ ಚಾ ನನ್ನ ಕಡಿಂದ.